ಹಡಗು ಯಾವ ದಿಕ್ಕಿಗೆ ಹೊರಟಿತ್ತು?

1982ರ ಮೇ 2. ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಜಲಾಂತರ್ಗಾಮಿ ಅರ್ಜೆಂಟೀನಾದ ‘ಜನರಲ್ ಬೆಲ್ಗ್ರಾನೊ’ ಯುದ್ಧನೌಕೆಯನ್ನು ಮುಳುಗಿಸಿತು. 323 ಜನ ಸತ್ತರು. ಅದು ನಮ್ಮ ಪಡೆಯ ಹತ್ತಿರ ಬರುತ್ತಿತ್ತು ಎಂದು ರಕ್ಷಣಾ ಮಂತ್ರಿ ಸಂಸತ್ತಿಗೆ ಹೇಳಿದರು. ಅಸಲಿಗೆ ನಿಷೇಧಿತ ವಲಯದ ಹೊರಗೆ, ಅರ್ಜೆಂಟೀನಾದ ಕಡೆಗೇ ಹೊರಟಿತ್ತು. ಮರುವರ್ಷ ಟೀವಿಯಲ್ಲಿ ಮಹಿಳೆಯೊಬ್ಬರು ಪಟ್ಟುಹಿಡಿದು ಕೇಳಿದಾಗಲೂ ಪ್ರಧಾನಿ ಥ್ಯಾಚರ್ ಒಪ್ಪಲಿಲ್ಲ.

ದಾಳಿ ನ್ಯಾಯವಾದದ್ದೇ ಎಂದು ಬದುಕುಳಿದ ಆ ಹಡಗಿನ ಕ್ಯಾಪ್ಟನ್ನೇ ಮುಂದೆ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ಯುದ್ಧನೌಕೆ ಯಾವಾಗ ಬೇಕಾದರೂ ತಿರುಗಬಲ್ಲದು. ಹಾಗಾದರೆ ಮುಚ್ಚುಮರೆ ಏಕೆ? ತಪ್ಪು ಮಾಡಿದವರು ಮುಚ್ಚಿಡುವುದು ಅರ್ಥವಾಗುತ್ತದೆ. ಸಮರ್ಥಿಸಿಕೊಳ್ಳಬಹುದಾದದ್ದನ್ನೂ ಮುಚ್ಚಿಟ್ಟರೆ, ತೂಗಿ ನೋಡುವ ಕೆಲಸ ಜನರದ್ದಲ್ಲ ಎಂದಂತೆ.

ದಾಖಲೆಗಳನ್ನು ಸಂಸದರೊಬ್ಬರಿಗೆ ಕಳಿಸಿದ ಅಧಿಕಾರಿ ಕ್ಲೈವ್ ಪಾಂಟಿಂಗ್ ಮೇಲೆ ಮೊಕದ್ದಮೆ ಬಿತ್ತು. ಆಳುವ ಸರ್ಕಾರ ಹೇಳಿದ್ದೇ ದೇಶದ ಹಿತ ಎಂದರು ನ್ಯಾಯಾಧೀಶರು. 1985ರಲ್ಲಿ ಜ್ಯೂರಿ ಪಾಂಟಿಂಗರನ್ನು ಬಿಟ್ಟುಕಳಿಸಿತು.