ಕ್ಷಣಭಂಗವಾದ ಮತ್ತು ಅಣುವಿನ ಕಂಪನ

ಬದಲಾವಣೆಯ ನಡುವೆಯೂ ವಸ್ತು ಅದೇ ಆಗಿ ಉಳಿಯುತ್ತದೆಯೋ, ಪ್ರತಿ ಕ್ಷಣವೂ ಹೊಸದೊಂದು ಹುಟ್ಟುತ್ತದೆಯೋ ಎಂಬುದು ನ್ಯಾಯದರ್ಶನದ ಅನುಯಾಯಿಗಳಾದ ನೈಯಾಯಿಕರಿಗೂ ಬೌದ್ಧ ಕ್ಷಣಿಕವಾದಿಗಳಿಗೂ ನಡೆದ ದೀರ್ಘ ವಾದ. ಅದನ್ನು ಅಳತೆಯಿಂದ ತೀರ್ಮಾನಿಸಬಹುದೇ? 1928ರಲ್ಲಿ ಸಿ.ವಿ. ರಾಮನ್ ಪ್ರಕಟಿಸಿದ ಬೆಳಕಿನ ಚದುರುವಿಕೆಯನ್ನು ಆಧರಿಸಿದ ಕಾಲವಿಭೇದಕ ರಾಮನ್ ರೋಹಿತದರ್ಶನವು, ಒಂದು ಲೇಸರ್ ಮಿಡಿತದಿಂದ ರಾಸಾಯನಿಕ ಕ್ರಿಯೆಯನ್ನು ಆರಂಭಿಸಿ, ಗೊತ್ತಾದ ಅಂತರದ ಬಳಿಕ ಮತ್ತೊಂದರಿಂದ ಅಣುಬಂಧಗಳ ಕಂಪನವನ್ನು ದಾಖಲಿಸುತ್ತದೆ. ಉದಾಹರಣೆಗೆ, ಕಣ್ಣಿನ ರೊಡಾಪ್ಸಿನ್‌ ಪ್ರೋಟೀನಿನಲ್ಲಿರುವ ರೆಟಿನಲ್, ಬೆಳಕು ತಾಗಿದ ಸುಮಾರು 200 ಫೆಮ್ಟೊಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಐದನೆಯ ಒಂದಂಶದಲ್ಲಿ, ತನ್ನ ಬಾಗಿದ ರೂಪವನ್ನು ಕಳೆದುಕೊಳ್ಳುತ್ತದೆ. ಪರಮಾಣುಗಳು ಬದಲಾಗದೆ ಅವುಗಳ ವಿನ್ಯಾಸ ಮಾತ್ರ ಬೇರೆಯಾಗುವುದರಿಂದ ಇದು ವಸ್ತು ಉಳಿಯುತ್ತದೆಂಬ ನೈಯಾಯಿಕರ ಪಕ್ಷಕ್ಕೆ ಒದಗುವಂತೆ ಕಂಡರೂ, ರೋಹಿತವು ಅಸಂಖ್ಯ ಅಣುಗಳ ಸರಾಸರಿಯಾದುದರಿಂದ ಯಾವುದೇ ಒಂದು ಅಣುವಿನ ನಿರಂತರತೆಯನ್ನು ಅದು ಸಾಧಿಸಲಾರದು. ಹಾಗೆಯೇ, ಆವೃತ್ತಿಯನ್ನು ಗುರುತಿಸಲು ಕಂಪನಕ್ಕೆ ಒಂದಿಷ್ಟು ಅವಧಿ ಬೇಕಾಗುವುದರಿಂದ, ಅವಧಿಯೇ ಇಲ್ಲದ ಕ್ಷಣವು ಈ ಅಳತೆಗೆ ಎಂದೂ ಸಿಗದು. ಅದು ತರ್ಕದ ವಿಷಯವಾಗಿಯೇ ಉಳಿಯುತ್ತದೆ.