127 ಹಲ್ಲಿನ ಚಕ್ರ

ಭಾನುವಾರ ಬೆಳಿಗ್ಗೆ, ಬಸವೇಶ್ವರನಗರದಲ್ಲಿ ಮಾವನ ಮನೆ. ಮಾವ 1972ರಿಂದ ಮೂವತ್ತೆಂಟು ವರ್ಷ ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಟರ್ನರ್ ಆಗಿದ್ದವರು. ನಾನು ವಿಜಯನಗರದಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್ ಕಡೆ ಹೋಗುವ ಸಾಫ್ಟ್‌ವೇರಿನವಳು. ಅತ್ತೆ ಅಟ್ಟ ಗುಡಿಸುವಾಗ ಒಂದು ಡೈರಿ ಸಿಕ್ಕಿತ್ತು. 1984ರದು, ಯಾವುದೋ ಬ್ಯಾಂಕಿನವರು ಕೊಟ್ಟದ್ದು. ರಟ್ಟು ಎಣ್ಣೆ ಕುಡಿದು ಕಪ್ಪಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಇನ್ನೂ ಕಟಿಂಗ್ ಆಯಿಲ್ ವಾಸನೆ. ನನ್ನ ಬ್ಯಾಗಿನಲ್ಲೂ ಒಂದು ನೋಟ್‌ಬುಕ್ ಇತ್ತು. ಮಾತು ಹುಟ್ಟಿದ್ದು ಹಾಗೆ. ಅವತ್ತೇ ಸಂಜೆ ನೆನಪಿನಿಂದ ಬರೆದಿಟ್ಟದ್ದು ಇದು. ಮಾವನ ಬೈಗುಳಗಳನ್ನಷ್ಟೇ ಬಿಟ್ಟಿದ್ದೇನೆ.

ಮಾವ: ದಿನವೆಲ್ಲ ಆಫೀಸಲ್ಲಿ ಟೈಪ್ ಮಾಡಿ ಬಂದು ಮತ್ತೆ ಕೈಯಲ್ಲಿ ಬರೀತೀಯಂತಲ್ಲ ಪುಟ್ಟಿ? ಏನಿರುತ್ತೆ ಅದರಲ್ಲಿ?

ನಾನು: ಕೆಲಸದ್ದೇ ಮಾವ. ಇವತ್ತು ಏನು ಕೆಟ್ಟಿತು, ಯಾಕೆ ಕೆಟ್ಟಿತು, ಏನು ಮಾಡಿದ ಮೇಲೆ ಸರಿಹೋಯ್ತು. ಯಾರ ಮೇಲೆ ಸಿಟ್ಟು ಬಂತು.

ಮಾವ: ಸಿಟ್ಟು ಬೇರೆ ಬರೀಬೇಕಾ?

ನಾನು: ಸಿಟ್ಟು ಬಂದ ದಿನ ನಾನು ತಪ್ಪು ಜಾಸ್ತಿ ಮಾಡ್ತೀನಿ. ಬರೆದಿದ್ದಕ್ಕೇ ಗೊತ್ತಾಗಿದ್ದು. 2023ರ ಅಕ್ಟೋಬರಲ್ಲಿ ನೇರಳೆ ಮಾರ್ಗ ಪೂರ್ತಿ ಆಯ್ತಲ್ಲ, ಆವಾಗಿಂದ ಸೀಟು ಸಿಕ್ಕಿದ ದಿನ ರೈಲಲ್ಲೇ ಬರೀತೀನಿ. ಸಿಗದ ದಿನ ರಾತ್ರಿ.

ಮಾವ: ನಮ್ಮದರಲ್ಲಿ ಅಂಥದ್ದೇನೂ ಇಲ್ಲಮ್ಮ. ನೋಡು, ಬರೀ ಲೆಕ್ಕ.

ಅವರು ತೆರೆದ ಪುಟದಲ್ಲಿ ಪೆನ್ಸಿಲಿನ ಒಂದು ಸಾಲು: ‘2 ಮಿ.ಮೀ. ಪಿಚ್: 40/127’. ಕೆಳಗೆ ಎರಡು ಗೀಟು. ಅಷ್ಟೇ.

ನಾನು: ಏನಿದು 127?

ಮಾವ: ಚಕ್ರದ ಹಲ್ಲು. ಮೆಟ್ರಿಕ್ ಕಾಯಿದೆ ಬಂದದ್ದು 1956ರಲ್ಲಿ. ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಡ್ರಾಯಿಂಗ್ ಎಲ್ಲ ಮಿಲಿಮೀಟರಲ್ಲಿ ಬರ್ತಿತ್ತು, ಲೇತ್ ಮಾತ್ರ ಇಂಚಿಂದು. ಅದರ ಲೀಡ್ ಸ್ಕ್ರೂನಲ್ಲಿ ಇಂಚಿಗೆ ನಾಲ್ಕು ಎಳೆ. ಆ ಲೇತಲ್ಲಿ ಮಿಲಿಮೀಟರ್ ಮರೆ, ಅಂದ್ರೆ ಬೋಲ್ಟಿನ ಎಳೆ, ಕೊರೀಬೇಕು, ಹೆಂಗೆ? ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. ಐದರಿಂದ ಗುಣಿಸು.

ನಾನು: ನೂರಿಪ್ಪತ್ತೇಳು.

ಮಾವ: ಆ ಸಂಖ್ಯೆಯನ್ನ ಯಾವುದರಿಂದ ಭಾಗಿಸಿದ್ರೂ ಹೋಗಲ್ಲ. ಅದಕ್ಕೇ ಅಷ್ಟು ಹಲ್ಲಿನ ಚಕ್ರವೇ ಬೇಕು. ಅದಿಲ್ಲದ ಶೆಡ್ಡಲ್ಲಿ 63ರದು ಹಾಕಿ, ಬೇರೆ ಚಕ್ರ ಜೋಡಿಸಿ ತೂಗಿಸ್ತಿದ್ವಿ. ನೂರು ಮಿಲಿಮೀಟರ್ ಉದ್ದಕ್ಕೆ 0.0125 ತಪ್ಪುತ್ತೆ. ಬೋಲ್ಟಿಗೆ ಅದು ಲೆಕ್ಕಕ್ಕಿಲ್ಲ.

ನಾನು: ಎಷ್ಟು ತಪ್ಪುತ್ತೆ ಅಂತ ಗೊತ್ತಿಟ್ಟುಕೊಂಡೇ ತಪ್ಪೋದು. ಇದನ್ನ ನಮ್ಮ ಹುಡುಗರಿಗೆ ಹೇಳಬೇಕು.

ಮಾವ: ಲೆಕ್ಕ ಹೇಳಬಹುದು. ಬರೀಬೇಕಾಗಿದ್ದು ಇನ್ನೊಂದಿತ್ತು, ಬರೀಲಿಲ್ಲ.

ಅವರು ಎಡಗೈಯನ್ನು ಅರ್ಧ ಮುಚ್ಚಿ ತೆರೆದು ತೋರಿಸಿದರು. ಲೇತಿನಲ್ಲಿ ಹಾಫ್ ನಟ್‌ನ ಹಿಡಿ ಇರುತ್ತದೆ. ಅದನ್ನು ಅಮುಕಿದರೆ ನಟ್ಟಿನ ಎರಡು ಹೋಳು ಲೀಡ್ ಸ್ಕ್ರೂವನ್ನು ಕಚ್ಚುತ್ತವೆ, ಟೂಲ್ ಮುಂದಕ್ಕೆ ಹೊರಡುತ್ತದೆ. ಎತ್ತಿದರೆ ಬಿಡುತ್ತವೆ. ಇಂಚಿನ ಮರೆಯಾದರೆ ಒಂದು ಸುತ್ತು ಕೊರೆದ ಮೇಲೆ ಹಿಡಿ ಎತ್ತಿ, ಟೂಲನ್ನು ಕೈಯಲ್ಲೇ ಹಿಂದಕ್ಕೆ ತಂದು, ಡಯಲಿನ ಗೆರೆ ನೋಡಿ ಮತ್ತೆ ಅಮುಕಬಹುದು. ಇಂಚಿನ ಲೇತಿನಲ್ಲಿ ಮಿಲಿಮೀಟರ್ ಮರೆ ಕೊರೆಯುವಾಗ ಎತ್ತುವ ಹಾಗೇ ಇಲ್ಲ. ಕೆಲಸ ಮುಗಿಯುವ ತನಕ ಕಚ್ಚಿಸಿಯೇ ಇಟ್ಟು, ಟೂಲ್ ಈಚೆಗೆಳೆದು, ಮೋಟರನ್ನು ಹಿಂದುಮುಂದಾಗಿ ತಿರುಗಿಸಿ ವಾಪಸು ತರಬೇಕು. ಎತ್ತಿಬಿಟ್ಟರೆ ಟೂಲ್ ಹಳೆಯ ಗೆರೆಯಲ್ಲಿ ಕೂರುವುದಿಲ್ಲ. ಪಕ್ಕದಲ್ಲಿ ಹೊಸ ಗೆರೆ ಕೊರೆಯುತ್ತದೆ.

ಮಾವ: 1986. ದೊಡ್ಡ ಶಾಫ್ಟು, ಮಧ್ಯಾಹ್ನದ ತನಕ ಬೇರೆ ಕೆಲಸವೆಲ್ಲ ಮುಗಿದಿತ್ತು. ಮರೆ ಕೊರೆಯೋದು ಕೊನೇದು. ಅಭ್ಯಾಸಬಲ ನೋಡು, ಹಾಫ್ ನಟ್ ಬಿಟ್ಟುಹೋಯ್ತು. ಎರಡೇ ಸುತ್ತಿಗೆ ಜಾಬ್ ಹಾಳಾಯ್ತು. ಒಂದು ವಾರದ ಸಂಬಳ ಹಿಡಿದ್ರು.

ನಾನು: ಬಿಟ್ಟುಹೋಯ್ತಾ, ಬಿಟ್ರಾ?

ಮಾವ: ಎರಡೂ ಒಂದೇ ಅಲ್ವೇನೇ?

ನಾನು: ಅಲ್ಲ ಮಾವ. ಇದು ನನ್ನನ್ನ ಬಹಳ ದಿನದಿಂದ ಕೊರೀತಿದೆ. ಲೋಟ ಒಡೀತು ಅಂತೀವಿ. ಹಾಲು ಉಕ್ಕಿಹೋಯ್ತು, ಬಸ್ಸು ತಪ್ಪಿಹೋಯ್ತು, ಮಾತು ಬಂದುಬಿಡ್ತು. ಕ್ಷಮೆ ಕೇಳುವಾಗಲೂ ‘ತಪ್ಪಾಯ್ತು’. ಯಾರಿಂದ ಆಯ್ತು? ತಪ್ಪು ತಾನಾಗೇ ಮಳೆ ಹಾಗೆ ಬಂತಾ?

ಮಾವ: ಹಾಗನ್ನೋದರಲ್ಲಿ ಒಂದು ಮರ್ಯಾದೆ ಇದೆ. ಎದುರಿಗಿರೋನಿಗೆ ಅರ್ಥ ಆಗುತ್ತೆ, ಎದೆ ಬಗೆದು ತೋರಿಸಬೇಕಾಗಿಲ್ಲ.

ನಾನು: ಎದುರಿಗಿದ್ದರೆ ಸರಿ. ಮುಖ ನೋಡಿ ತಿಳ್ಕೋತಾರೆ. ಹಾಳೆ ಮೇಲೆ ಮುಖ ಇರಲ್ವಲ್ಲ.

ನಾನು ನನ್ನ ಕಥೆ ಹೇಳಿದೆ. ರಾತ್ರಿ ಎರಡೂಮುಕ್ಕಾಲು, ನನ್ನದೇ ಪಾಳಿ. ಪರದೆ ಮೇಲೆ ಎರಡು ಕಪ್ಪು ಕಿಟಕಿ. ಒಂದು ಪರೀಕ್ಷೆಗೆ ಇಟ್ಟ ಯಂತ್ರದ್ದು, ಇನ್ನೊಂದು ಗಿರಾಕಿಗಳು ಬಳಸುತ್ತಿದ್ದ ಯಂತ್ರದ್ದು. ಪರೀಕ್ಷೆಯದನ್ನು ಅಳಿಸಬೇಕಾಗಿತ್ತು, ಅಳಿಸಿದ್ದು ಇನ್ನೊಂದನ್ನು. ಬ್ಯಾಕಪ್ಪಿನಿಂದ ವಾಪಸು ತರಲು ನಾಲ್ಕು ಗಂಟೆ ಹಿಡಿಯಿತು. ಮಾರನೆಯ ದಿನದ ವರದಿಯಲ್ಲಿ ಇದ್ದದ್ದು ‘ದತ್ತಾಂಶ ಅಳಿಸಿಹೋಗಿತ್ತು, ಮರಳಿ ತರಲಾಯಿತು’.

ಮಾವ: ನಿನ್ನ ಹೆಸರು ಬರಲಿಲ್ಲವಲ್ಲ, ಒಳ್ಳೇದೇ ಆಯ್ತು.

ನಾನು: ಹೆಸರು ಹಾಕಬಾರದು ಅನ್ನೋದು ನಮ್ಮ ಕಸುಬಿನಲ್ಲಿ ನಿಯಮ. ಒಳ್ಳೇ ನಿಯಮವೇ. ಹಾಕಿದರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ. ಆದರೆ ಹೆಸರು ತೆಗೆಯೋಕೆ ಹೋಗಿ ಕೈಯನ್ನೂ ತೆಗೆದುಬಿಟ್ರು. ಎರಡು ಕಿಟಕಿಗೂ ಒಂದೇ ಬಣ್ಣ ಇತ್ತು ಅನ್ನೋದು ವರದಿಯಲ್ಲಿ ಬರಲೇ ಇಲ್ಲ. ಅದು ನನ್ನ ನೋಟ್‌ಬುಕ್ಕಲ್ಲಿದೆ. ‘ನಾನು ತಪ್ಪು ಕಿಟಕಿಯಲ್ಲಿ ಒತ್ತಿದೆ’ ಅಂತ ಬರೆದ ಮೇಲೇ ಯಾಕೆ ಅಂತ ಹುಡುಕಿದ್ದು. ಬೆಳಿಗ್ಗೆ ಎದ್ದು ಆ ಕಿಟಕಿಗೆ ಕೆಂಪು ಬಣ್ಣ ಹಾಕಿದೆ.

ಮಾವ: ಈಗ ನನ್ನ ಮಾತು ಕೇಳು. ‘ನಾನು ಹಾಫ್ ನಟ್ ಬಿಟ್ಟೆ’ ಅಂತ ಬರೆದಿದ್ದರೆ ಅದು ಪೂರ್ತಿ ನಿಜ ಆಗ್ತಿತ್ತಾ? ಅವತ್ತು ಎರಡನೇ ಶಿಫ್ಟೂ ನನ್ನದೇ. ಲೇತಿನ ಮೇಲಿನ ಬಲ್ಬು ಹೋಗಿ ಹದಿನೈದು ದಿನ ಆಗಿತ್ತು. ಓನರು ಪಕ್ಕದಲ್ಲಿ ನಿಂತು ಲಾರಿ ಬಂತು ಲಾರಿ ಬಂತು ಅಂತಿದ್ದ. ಇಷ್ಟೂ ಸೇರಿ ಬಿಟ್ಟಿದ್ದದು. ನಾನು ಬಿಟ್ಟೆ ಅಂದ್ರೆ ಅವರೆಲ್ಲ ಪಾರು, ನಾನೊಬ್ಬನೇ ಕಳ್ಳ. ‘ಬಿಟ್ಟುಹೋಯ್ತು’ ಅನ್ನೋದರಲ್ಲಿ ಅವರಿಗೂ ಒಂದು ಪಾಲಿದೆ.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ನಾನು: ಬಲ್ಬಿನ ವಿಷಯ ಬರೆದಿದ್ರಾ?

ಮಾವ: ಇಲ್ಲ.

ನಾನು: ಮತ್ತೆ ಅವರ ಪಾಲು ಎಲ್ಲಿ ಉಳೀತು?

ಮಾವ: (ಸ್ವಲ್ಪ ಹೊತ್ತು ಬಿಟ್ಟು) ಮೂರು ವರ್ಷ ಆದ ಮೇಲೆ ಒಬ್ಬ ಹುಡುಗ ಬಂದ. ಚುರುಕು. ಈ ಡೈರಿ ನೋಡಿಕೊಂಡೇ ಚಕ್ರ ಜೋಡಿಸಿದ. 40, 127, ಎಲ್ಲ ಸರಿ. ಹಿಡಿ ಎತ್ತಿಬಿಟ್ಟ.

ಅತ್ತೆ ಕೊತ್ತಂಬರಿ ಸೊಪ್ಪಿನ ಮೊರ ಹಿಡಿದು ಬಂದು ಕೂತರು. ಮಾತೆಲ್ಲ ಅಡುಗೆಮನೆಗೆ ಕೇಳಿಸಿತ್ತು.

ಅತ್ತೆ: ನಾನೂ ಬರೀತಿದ್ದೆ ಕಣೇ. ಮಾಗಡಿ ರಸ್ತೆ ಮನೇಲಿದ್ದಾಗ ಊದುಬತ್ತಿ ಹೊಸೀತಿದ್ದೆನಲ್ಲ. ಸಾವಿರ ಕಡ್ಡಿಗೆ ಇಷ್ಟು ಅಂತ ದುಡ್ಡು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಸಾವಿರಕ್ಕೊಂದು ಗೀಟು. ಲೆಕ್ಕ ತಗೊಳ್ಳೋಕೆ ಬರೋನು ದಿನಾ ಏನಾದರೊಂದು ತೆಗೀತಿದ್ದ. ಬೆಂಡಾಗಿದೆ, ಹಿಟ್ಟು ಕಮ್ಮಿ ಹತ್ತಿದೆ.

ನಾನು: ಗೋಡೆ ತೋರಿಸಿದ್ರಾ?

ಅತ್ತೆ: ತೋರಿಸಿದೆ. ನಿಮ್ಮನೆ ಗೋಡೆ ನಿಮ್ಮ ಮಾತೇ ಆಡುತ್ತೆ ಅಂದ. ಆವತ್ತಿಂದ ಅವನ ಕೈಯಲ್ಲೇ ಒಂದು ಚೀಟಿ ಬರೆಸಿ ಸಹಿ ಹಾಕಿಸ್ಕೋತಿದ್ದೆ. ಗೀಟೂ ಬಿಡಲಿಲ್ಲ. ಆಮೇಲೆ ಯುಗಾದಿಗೆ ಸುಣ್ಣ ಹೊಡೆದಾಗ ಎಲ್ಲ ಹೋಯ್ತು.

ಮಾವ: ಹೋಗಲಿಲ್ಲ, ಅಳಿಸಿದ್ದು ನೀನು. ಸರಿಯಾಗಿ ಹೇಳು, ನಿನ್ನ ಸೊಸೆ ವ್ಯಾಕರಣ ಕೇಳ್ತಾಳೆ.

ಅತ್ತೆ: ಸುಣ್ಣ ಹೊಡೆದವರು ನೀವು.

ಮೂವರೂ ನಕ್ಕೆವು. ಆದರೆ ಯಾರಿಗಾಗಿ ಬರೆಯುವುದು ಎಂಬ ಪ್ರಶ್ನೆಗೆ ಅತ್ತೆಯ ಉತ್ತರ ನಮ್ಮಿಬ್ಬರದಕ್ಕಿಂತ ಗಟ್ಟಿ ಅನ್ನಿಸಿತು. ಅವರು ಬರೆದದ್ದು ಕೂಲಿಗಾಗಿ.

ಮಾವ: ಕೆಲಸದ ಬಗ್ಗೆ ದೊಡ್ಡವರು ಬರೆದಿದ್ದಾರಲ್ಲ. ವಿಶ್ವೇಶ್ವರಯ್ಯನವರದ್ದು ಒಂದು ಪುಸ್ತಕ ಇದೆ, ತಮ್ಮ ವೃತ್ತಿಜೀವನದ ನೆನಪು. ಲೈಬ್ರರಿಯಲ್ಲಿ ಓದಿದ್ದೆ.

ನಾನು: 1951ರದು. ಇಂಗ್ಲಿಷಿನಲ್ಲಿ ಬರೆದರು, ತೊಂಬತ್ತರ ಆಸುಪಾಸಿನ ವಯಸ್ಸು. ಖಡಕ್‌ವಾಸ್ಲಾದ ತಾನೇ ತೆರೆಯುವ ಗೇಟು ಇದೆ, ಹೈದರಾಬಾದಿನ ಪ್ರವಾಹ ಇದೆ. ಮನೆ ಮಾತು ಹುಡುಕಿದರೂ ಸಿಗೋದು ಕಷ್ಟ. ಕೆಲಸದ ಮಧ್ಯೆ ಕೈ ನಡುಗಿದ್ದೂ ಅಷ್ಟೇ. ಬಿ.ಜಿ.ಎಲ್. ಸ್ವಾಮಿಯವರ ‘ಕಾಲೇಜು ರಂಗ’ ಇನ್ನೊಂದು ತುದಿ. ಕೆಲಸದ ಜಾಗದ ಪೆದ್ದುತನ ಅಷ್ಟು ಚೆನ್ನಾಗಿ ಬರೆದವರು ಕಮ್ಮಿ. ಆದರೆ ಪೆದ್ದುತನ ಹೆಚ್ಚಾಗಿ ಬೇರೆಯವರದು.

ಮಾವ: ನಮ್ಮ ಬಡಾವಣೆಗೆ ಬಸವಣ್ಣನ ಹೆಸರು. ಅವರ ಕಾಲದಲ್ಲಿ ಕಸುಬನ್ನೇ ಹೆಸರಿಗೆ ಮುಂದೆ ಇಟ್ಕೊಂಡ್ರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ. ಹಗ್ಗ ಹೊಸೆಯೋ ನುಲಿಯ ಚಂದಯ್ಯ ಹುಲ್ಲು ಕೊಯ್ಯುವಾಗ ಲಿಂಗ ಕೆರೆಗೆ ಬಿದ್ದರೂ ಹುಲ್ಲು ಹೊತ್ತು ನಡೆದನಂತೆ. ಕೇಳೋಕೆ ಚೆನ್ನಾಗಿದೆ. ನನಗೆ ಬೇಕಾಗಿರೋದು ಬೇರೆ. ಹಗ್ಗ ಹೊಸೆಯುವಾಗ ಎಳೆ ಎಲ್ಲಿ ತುಂಡಾಗ್ತಿತ್ತು, ಅಂಗೈ ಯಾವ ಜಾಗದಲ್ಲಿ ಕಿತ್ತುಹೋಗ್ತಿತ್ತು? ಅದನ್ನ ನನಗ್ಯಾರೂ ಹೇಳಿಲ್ಲ. ಕೆಲಸ ದೊಡ್ಡದು ಅಂತ ಆಟೋ ಹಿಂದೆಲ್ಲ ಬರೆದಿರ್ತಾರೆ, ಕೆಲಸ ಹೆಂಗಿತ್ತು ಅಂತ ಬರೆಯಲ್ಲ.

ನಾನು: ಅದನ್ನೇ ನೀವು ಬರೀಬೇಕು ಅಂತ ನಾನು ಹೇಳ್ತಿರೋದು.

ಮಾವ: ನಿನಗೆ ಬರೆಯೋಕೆ ಬಿಡ್ತಾರಾ ಮೊದಲು? ನಮಗೆ ಗೇಟಲ್ಲಿ ಊಟದ ಡಬ್ಬಿ ಬಿಚ್ಚಿ ನೋಡೋರು, ಹಿತ್ತಾಳೆ ಚೂರು ತಗೊಂಡು ಹೋಗ್ತಾನೇನೋ ಅಂತ. ತಲೆ ಬಿಚ್ಚಿ ನೋಡ್ತಿರಲಿಲ್ಲ.

ನಾನು: ನಮ್ಮಲ್ಲಿ ತಲೆಯದ್ದೇ ತಪಾಸಣೆ. ಸೇರುವಾಗಲೇ ಸಹಿ, ಇಲ್ಲಿ ಮಾಡಿದ್ದೆಲ್ಲ ಕಂಪನಿಯದು ಅಂತ. ಹೆಸರು, ಗಿರಾಕಿ, ಅಂಕಿ ಯಾವುದೂ ನನ್ನ ಪುಸ್ತಕದಲ್ಲಿಲ್ಲ. ಅವು ನಿಜವಾಗಿ ಅವರವೇ. ಆದರೆ ಎರಡೂಮುಕ್ಕಾಲಿಗೆ ಹೊಟ್ಟೆಯೊಳಗೆ ತಣ್ಣಗಾಯ್ತಲ್ಲ, ಅದಕ್ಕೆ ನಾನು ಸಹಿ ಹಾಕಿಲ್ಲ.

ಮಾವ: ಈಗ ಅದನ್ನೂ ಯಂತ್ರವೇ ಬರೆದುಕೊಡುತ್ತಂತೆ.

ನಾನು: ವರದಿ ಬರೆದುಕೊಡುತ್ತೆ. ‘ಅಳಿಸಿಹೋಗಿತ್ತು’ ಅಂತ ನಮಗಿಂತ ಚೆನ್ನಾಗಿ ಬರೆಯುತ್ತೆ.

ಮಾವ ಡೈರಿಯನ್ನು ಮತ್ತೆ ತೆರೆದರು. 40/127ರ ಪಕ್ಕದಲ್ಲಿ ಎರಡು ಬೆರಳಗಲ ಖಾಲಿ ಜಾಗ. ಬೆರಳಿನಿಂದ ಸವರಿದರು. ಉಗುರಿನ ಬುಡದಲ್ಲಿ ಇನ್ನೂ ಸಣ್ಣ ಕಪ್ಪು ಗೆರೆ ಇದೆ, ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ.

ಮಾವ: ಆ ಲೇತ್ ಗುಜರಿಗೆ ಹೋಯ್ತು. ಶೆಡ್ಡಿನ ಜಾಗದಲ್ಲಿ ಈಗ ಪಿ.ಜಿ. ಹಾಸ್ಟೆಲ್ಲು. 127ರ ಚಕ್ರ ಬೇಕಾಗೋನು ಯಾರಿದ್ದಾನೆ? ಯಾರಿಗೆ ಬರೆಯೋದು?

ನಾನು: ನನಗೆ ಬೇಕಾಯ್ತಲ್ಲ ಇವತ್ತು.

ಮಾವ: ನಿನಗೆ ಲೇತ್ ಅಂದ್ರೇನು ಗೊತ್ತು?

ನಾನು: ಅಭ್ಯಾಸಬಲದಿಂದ ಕೈ ಎತ್ತೋದು ಗೊತ್ತು.

ಅತ್ತೆ: ಆಯ್ತಾ ನಿಮ್ಮ ಪುರಾಣ? ಅದರಲ್ಲಿ ಖಾಲಿ ಹಾಳೆ ಎಷ್ಟಿದೆ ನೋಡಿ. ಹಾಲಿನ ಲೆಕ್ಕ ಬರೆಯೋಕೆ ಬೇಕು.

ಮಾವ ಎಂಜಲು ಹಚ್ಚಿ ಒಂದೊಂದೇ ಹಾಳೆ ಎಣಿಸಿದರು.

ಮಾವ: ಹದಿನೇಳು. ಒಂದು ಬಿಟ್ಟು ಬಾಕಿದು ತಗೋ.