ಬಿದ್ದವನೂ ಉಳಿದವನೂ

ಒಂದೇ ದಾರಿಯಲ್ಲಿ, ಒಂದೇ ದೇವರನ್ನು ನೆನೆದು ಹೊರಟ ಇಬ್ಬರಲ್ಲಿ ಒಬ್ಬನು ಬಿದ್ದು ಮತ್ತೊಬ್ಬನು ಉಳಿದನಾದರೆ, ಉಳಿದವನು ಅದನ್ನು ಭಗವತ್ಕೃಪೆಯೆಂದು ಕರೆಯಬಹುದೇ? ಕರೆದರೆ, ಬಿದ್ದವನ ವಿಷಯದಲ್ಲಿ ಏನು ಹೇಳಿದಂತಾಯಿತು? ಈ ಪ್ರಶ್ನೆ ನನಗೆ ಶಾಸ್ತ್ರಾಧ್ಯಯನದಿಂದ ಒದಗಿದುದಲ್ಲ. ಹಿರೇಕೆರೂರಿನಿಂದ ನೇಪಾಳದ ಮುಕ್ತಿನಾಥಕ್ಕೆ ಮೋಟಾರು ಸೈಕಲ್ಲುಗಳ ಮೇಲೆ ಹೊರಟ ನಮ್ಮ ತಂಡದ ನಡುವೆ, ಕಾಳಿಗಂಡಕಿಯ ಕಣಿವೆಯಲ್ಲಿ ಹುಟ್ಟಿದುದು.

ಸೋನೌಲಿಯ ಗಡಿಯಲ್ಲಿ ಗಾಡಿಗಳಿಗೆ ಭನ್ಸಾರಿನ, ಎಂದರೆ ನೇಪಾಳದ ಸುಂಕದ, ಚೀಟಿ ಮಾಡಿಸಿಕೊಂಡು, ಪೋಖರಾವನ್ನು ದಾಟಿ, ಬೇನಿಯಿಂದ ಮೇಲಕ್ಕೆ ಏರತೊಡಗಿದೊಡನೆ, ಮೆಕ್ಕೆಜೋಳ ಹತ್ತಿಗಳ ಹೊಲಗಳನ್ನೇ ಕಂಡು ಬೆಳೆದ ಕಣ್ಣಿಗೆ ಬೇರೊಂದು ಲೋಕವೇ ತೆರೆಯುತ್ತದೆ. ಎಡಕ್ಕೆ 8,167 ಮೀಟರ್ ಎತ್ತರದ ಧವಳಗಿರಿ, ಬಲಕ್ಕೆ 8,091 ಮೀಟರ್ ಎತ್ತರದ ಅನ್ನಪೂರ್ಣಾ, ನಡುವೆ ಬೂದುಬಣ್ಣದ ನೀರನ್ನು ಹೊತ್ತು ಮೊರೆಯುವ ನದಿ. ನಮ್ಮ ಕಡೆಯ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳು ದೊರೆಯುವುದು ಈ ನದಿಯಲ್ಲಿಯೇ. ಹಿಮಾಲಯವು ತಲೆಯೆತ್ತುವ ಮುನ್ನ ಅಲ್ಲಿದ್ದ ಟೆಥಿಸ್ ಸಾಗರದ ಜೀವಿಗಳ ಅವಶೇಷಗಳು ಅವೆಂದು ಭೂವಿಜ್ಞಾನಿಗಳು ಹೇಳುವುದು ನನ್ನ ಭಕ್ತಿಯನ್ನು ಹೆಚ್ಚಿಸಿತೇ ಹೊರತು ಕುಂದಿಸಲಿಲ್ಲ.

ಘಾಸಾ ಗ್ರಾಮದಿಂದ ಮುಂದೆ ಒಂದು ಹಳ್ಳವು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಬೆಳಗಿನಲ್ಲಿ ಪಾದ ನೆನೆಯುವಷ್ಟೇ ಇರುವ ಇಂತಹ ಹಳ್ಳಗಳು, ಬಿಸಿಲೇರಿ ಹಿಮ ಕರಗಿದಂತೆಲ್ಲ ಉಬ್ಬಿ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮುಟ್ಟುವುವು. ನಾವು ತಲುಪಿದುದು ಮಧ್ಯಾಹ್ನದಲ್ಲಿ. ಮುಂದೆ ಹೋದ ತರುಣನ ಹಿಂದಿನ ಚಕ್ರವು ನೀರಿನಡಿಯ ಪಾಚಿಗಟ್ಟಿದ ಗುಂಡುಕಲ್ಲಿನ ಮೇಲೆ ಜಾರಿತು. ಗಾಡಿ ಎಡಕ್ಕೆ ಒರಗಿ, ಕ್ಲಚ್ಚಿನ ಹಿಡಿ ಮುರಿದು, ಅವನ ಕಾಲು ಬಂಡೆಗೂ ಗಾಡಿಗೂ ನಡುವೆ ಸಿಕ್ಕಿಕೊಂಡಿತು. ನಾವು ಎತ್ತಿ ದಡಕ್ಕೆ ತಂದು ಬೂಟು ಕಳಚುವಷ್ಟರಲ್ಲಿ ಪಾದದ ಕೀಲು ಬಾತುಹೋಗಿತ್ತು. ಅವನ ಹಿಂದೆಯೇ ಇದ್ದವನು ಆ ಕಲ್ಲನ್ನು ತಪ್ಪಿಸಿ, ಬಲಗಡೆಯಿಂದ ಸುಖವಾಗಿ ದಾಟಿ ಬಂದನು.

ಆ ರಾತ್ರಿ ಜೋಮ್‌ಸೋಮ್‌ನ ವಸತಿಗೃಹದಲ್ಲಿ, ದಾಟಿ ಬಂದವನು ಕೈಮುಗಿದು, “ದೇವ್ರು ದೊಡ್ಡಾಂವ, ಮುಕ್ತಿನಾಥನ ಕೃಪಾ ನನ್ನ ಮ್ಯಾಲಿತ್ತು” ಎಂದನು. ಮೂಲೆಯಲ್ಲಿ ಕಾಲು ಚಾಚಿ ಮಲಗಿದ್ದವನು, “ಹಂಗಾದ್ರ ನನ್ನ ಮ್ಯಾಲ ಇರಲಿಲ್ಲೇನಣ್ಣಾ?” ಎಂದು ಕೇಳಿದನು. ಹಿರಿಯರೊಬ್ಬರು ಪೂರ್ವಜನ್ಮದ ಕರ್ಮವೆಂದರು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದನು.

ಹಿರಿಯರ ಮಾತಿಗೆ ಆಧಾರವಿಲ್ಲವೆಂದಲ್ಲ. ಈಶ್ವರನಲ್ಲಿ ಪಕ್ಷಪಾತವೂ ನಿರ್ದಯತೆಯೂ ಇಲ್ಲ, ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಫಲವನ್ನು ಕೊಡುವನು ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಸಾರುತ್ತದೆ. ಮಳೆ ಎಲ್ಲ ಪೈರಿಗೂ ಸಮಾನ, ಭೇದವಿರುವುದು ಬೀಜದಲ್ಲಿ ಎಂಬ ದೃಷ್ಟಾಂತವನ್ನು ಶಂಕರಾಚಾರ್ಯರು ಅಲ್ಲಿ ಕೊಟ್ಟಿದ್ದಾರೆ. ಆದರೆ ಆ ಸಿದ್ಧಾಂತವು ಹುಟ್ಟಿದುದು ಈಶ್ವರನನ್ನು ನಿರ್ದೋಷಿಯೆಂದು ತೋರಿಸಲು. ನೊಂದವನನ್ನು ದೋಷಿಯೆಂದು ನಿರ್ಣಯಿಸುವ ಅಧಿಕಾರವನ್ನು ಅದು ನಮ್ಮಂಥವರ ಕೈಗೆ ಕೊಟ್ಟಿಲ್ಲ. ಅದಕ್ಕಿಂತಲೂ ಮುಖ್ಯವಾದುದೆಂದರೆ, ಹಿಂದಿನವನು ಉಳಿದುದೇ ಮುಂದಿನವನು ಬಿದ್ದುದರಿಂದ. ಜಾರುವ ಕಲ್ಲು ಎಲ್ಲಿದೆಯೆಂಬುದನ್ನು ಆ ಬೀಳುವಿಕೆಯೇ ಅವನಿಗೆ ತೋರಿಸಿತು. ಕೃಪೆಯೆಂಬುದು ಅಲ್ಲಿ ಇದ್ದಿತಾದರೆ, ಅದು ಬಂದುದು ಬಿದ್ದವನ ಮೂಲಕವಾಗಿಯೇ ಎಂದು ನಾನು ನಿಸ್ಸಂದೇಹವಾಗಿ ನಂಬುತ್ತೇನೆ.

ನಮ್ಮ ತಾಲ್ಲೂಕಿನ ಅಬಲೂರಿನಲ್ಲಿ, ಸೋಮೇಶ್ವರ ದೇಗುಲದ ಸುಮಾರು ಕ್ರಿ.ಶ. 1200ರ ಶಾಸನವು ಶಿವಭಕ್ತನಾದ ಏಕಾಂತದ ರಾಮಯ್ಯನು ಶಿವನ ಹಿರಿಮೆಯನ್ನು ಸಾಧಿಸಲು ಶಿರವನ್ನು ಅರಿದೊಪ್ಪಿಸಿ ಮರಳಿ ಪಡೆದ ಕಥೆಯನ್ನು ಹೇಳುತ್ತದೆ. ದೇಹ ಉಳಿದುದೇ ಕೃಪೆಯ ಸಾಕ್ಷಿಯೆಂಬ ಭಾವ ನಮ್ಮ ಜನರಲ್ಲಿ ಬೇರೂರಿದುದು ಇಂತಹ ಕಥೆಗಳಿಂದಲೂ ಇರಬಹುದು. ಆದರೆ ರಾಮಯ್ಯನು ಪಣವೊಡ್ಡಿದುದು ತನ್ನ ತಲೆಯನ್ನು. ಪರರ ಗಾಯವನ್ನು ಅವನು ಪ್ರಮಾಣವಾಗಿ ತೋರಿಸಲಿಲ್ಲ.

ಮುಂದೆ ಆ ದಾರಿಯಲ್ಲಿ ಹೊರಡಲಿರುವ ನಮ್ಮ ತರುಣರಲ್ಲಿ ನನ್ನ ಬಿನ್ನಹವಿಷ್ಟೆ: ಹಳ್ಳಗಳನ್ನು ಬೆಳಗಿನಲ್ಲಿಯೇ ದಾಟಿರಿ, ಜೊತೆಯವನು ಬಿದ್ದ ದಿನ, ಅವನ ಕಿವಿಗೆ ಬೀಳುವಂತೆ, ನಿಮ್ಮ ಮೇಲಾದ ಕೃಪೆಯ ಮಾತನ್ನು ಆಡದಿರಿ.